ಶುಭಂ ಆದ ಮೇಲೆ

ನಮ್ಮ ಮನೆಯಲ್ಲಿ ಸಿನಿಮಾ ಮುಗಿದ ಮೇಲೆ ಯಾರೂ ಏಳುವುದಿಲ್ಲ. ಇದು ನಮ್ಮೂರಿನ ಸಂಪ್ರದಾಯಕ್ಕೆ ತದ್ವಿರುದ್ಧ. ಮೈಸೂರಿನಲ್ಲಿ ನಾವು ಹುಡುಗರಾಗಿದ್ದಾಗ ಕೊನೆಯ ಫೈಟಿನಲ್ಲಿ ಪೊಲೀಸ್ ಜೀಪು ಬಂತೆಂದರೆ ಸಾಕು, ಅರ್ಧ ಥಿಯೇಟರು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಾ ಎದ್ದು ನಿಲ್ಲುತ್ತಿತ್ತು. ತೆರೆಯ ಮೇಲೆ 'ಶುಭಂ' ಬರುವ ಹೊತ್ತಿಗೆ ಸೈಕಲ್ ಸ್ಟ್ಯಾಂಡಿನಲ್ಲಿ ಜಗಳ ಶುರುವಾಗಿರುತ್ತಿತ್ತು.

ಯೂಲೆಸ್‌ಗೆ ಬಂದ ಮೇಲೆ ನಮ್ಮ ಈ ಅಭ್ಯಾಸವನ್ನು ಕೆಡಿಸಿದವನು ಜಾಕಿ ಚಾನ್. ಮಗ ಚಿಕ್ಕವನಿದ್ದಾಗ ಶುಕ್ರವಾರ ರಾತ್ರಿ ವಿಡಿಯೋ ಅಂಗಡಿಯಿಂದ ಒಂದು ಸಿನಿಮಾ ತರುವುದು ಮನೆಯ ಪದ್ಧತಿ. ಹಾಗೆ ಒಮ್ಮೆ ಬಂದದ್ದು 'ರಶ್ ಅವರ್' (1998). ಕೊನೆಯಲ್ಲಿ ಹೆಸರುಗಳು ಓಡುವಾಗ ಜೊತೆಯಲ್ಲೇ ಕೆಟ್ಟುಹೋದ ಶಾಟುಗಳನ್ನೂ ತೋರಿಸುತ್ತಾರೆ. ವಟವಟ ಎಂದು ಎಲ್ಲರ ಬಾಯಿ ಮುಚ್ಚಿಸುವ ಕ್ರಿಸ್ ಟಕರ್‌ಗೆ ಚೀನೀ ಭಾಷೆಯ ಮೂರು ಪದ ಬಾಯಿಗೆ ಬರುವುದಿಲ್ಲ. ಅವನು ಮತ್ತೆ ಮತ್ತೆ ತೊದಲುತ್ತಾನೆ, ಚಾನ್ ಬಿಡದೆ ಆಡಿಕೊಳ್ಳುತ್ತಾನೆ. ಇಡೀ ಸಿನಿಮಾ ನೋಡಿದ್ದು ಒಂದು ಸಲ, ಆ ಎರಡು ಮೂರು ನಿಮಿಷ ನೋಡಿದ್ದು ಏಳು ಸಲ!

ಇದು ಚಾನ್ ಕಂಡುಹಿಡಿದದ್ದೇನಲ್ಲ. ಹಾಲ್ ನೀಡಮ್ ಎಂಬ ನಿರ್ದೇಶಕ 1981ರ 'ಕ್ಯಾನನ್‌ಬಾಲ್ ರನ್' ಚಿತ್ರದ ಕೊನೆಗೆ ನಟರು ಎಡವಿದ್ದು, ನಕ್ಕದ್ದು ಎಲ್ಲವನ್ನೂ ಸೇರಿಸಿದ್ದ. ಅದರಲ್ಲಿ ಒಂದು ಪಾತ್ರ ಮಾಡಿದ್ದ ಚಾನ್ ಹಾಂಗ್‌ಕಾಂಗ್‌ಗೆ ಹಿಂದಿರುಗಿ 1982ರಿಂದ ತನ್ನ ಚಿತ್ರಗಳಲ್ಲೂ ಅದನ್ನೇ ರೂಢಿ ಮಾಡಿಕೊಂಡ. ಆದರೆ ಅವನು ತನಗೆ ಬಿದ್ದ ಪೆಟ್ಟುಗಳನ್ನೂ ಅಲ್ಲಿ ಸೇರಿಸುತ್ತಾನೆ. 1986ರ 'ಆರ್ಮರ್ ಆಫ್ ಗಾಡ್' ಚಿತ್ರೀಕರಣದಲ್ಲಿ ಮರದಿಂದ ಬಿದ್ದು ತಲೆಬುರುಡೆ ಒಡೆದುಕೊಂಡು ಆಪರೇಷನ್ ಆಯಿತು. ಅದೂ ಚಿತ್ರದ ಕೊನೆಯಲ್ಲಿದೆ. ಹುಡುಗರು ಅದನ್ನು ನೋಡಿ 'ವಾವ್' ಎನ್ನುತ್ತಾರೆ. ನನ್ನ ಕೈ ಮಾತ್ರ ರಿಮೋಟ್ ಹುಡುಕುತ್ತದೆ. ವಾರಕ್ಕೆ ಐದು ದಿನ ನೋಡುವುದನ್ನು ಶುಕ್ರವಾರ ರಾತ್ರಿಯೂ ನೋಡಬೇಕೆ, ನೀವೇ ಹೇಳಿ.

ನನಗೆ ಬೇಕಾದದ್ದು ನಗು. ಅದರಲ್ಲೂ, ನಗಬಾರದ ಕಡೆ ಬರುವ ನಗು. ಈ ವಿಷಯದಲ್ಲಿ ನನ್ನ ಗುರು ನಮ್ಮ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 1933ರಲ್ಲಿ ಹುಟ್ಟಿದ ಕ್ಯಾರಲ್ ಬರ್ನೆಟ್. 1967ರಿಂದ 1978ರವರೆಗೆ ಸಿಬಿಎಸ್ ಟೀವಿಯಲ್ಲಿ ಆಕೆಯ ಹಾಸ್ಯ ಕಾರ್ಯಕ್ರಮ ನಡೆಯಿತು. ಜನರ ಮುಂದೆ ಒಂದೇ ದಿನ ಎರಡು ಸಲ ಆಡಿ ಚಿತ್ರೀಕರಿಸುತ್ತಿದ್ದರು. ಟಿಮ್ ಕಾನ್ವೇ ಎಂಬ ಮಹಾಶಯ ಮೊದಲ ಸಲ ಬರೆದದ್ದನ್ನು ಬರೆದ ಹಾಗೆ ಆಡಿ, ಎರಡನೇ ಸಲ ಯಾರಿಗೂ ಹೇಳದೆ ತನಗೆ ತೋಚಿದ್ದನ್ನು ಮಾಡುತ್ತಿದ್ದ. ಎದುರಿಗೆ ಸಿಕ್ಕಿಬೀಳುತ್ತಿದ್ದವನು ಹಾರ್ವಿ ಕಾರ್ಮನ್. ಅವರ ಹಲ್ಲಿನ ಡಾಕ್ಟರ ಪ್ರಸಂಗವನ್ನು ನೀವು ನೋಡಿರಬಹುದು. ಹೊಸದಾಗಿ ಪಾಸಾದ ದಂತವೈದ್ಯ ಕಾನ್ವೇ ನೋವೊಕೇನ್ ಸೂಜಿಯನ್ನು ರೋಗಿಗೆ ಚುಚ್ಚುವ ಬದಲು ತನ್ನ ಕೈಗೇ ಚುಚ್ಚಿಕೊಳ್ಳುತ್ತಾನೆ, ಆಮೇಲೆ ಕಾಲಿಗೆ, ಆಮೇಲೆ ಹಣೆಗೆ! (ಎಂ.ಡಿ. ಪರೀಕ್ಷೆಯಲ್ಲಿ ಸ್ಥಳೀಯ ಅರಿವಳಿಕೆ ಹೀಗೆ ಕೆಲಸ ಮಾಡುತ್ತದೆಂದು ಬರೆದರೆ ಫೇಲು ಖಂಡಿತ.) ಆದರೆ ನಾನು ನೋಡುವುದು ಡಾಕ್ಟರನ್ನಲ್ಲ, ಕುರ್ಚಿಯಲ್ಲಿ ಕೂತ ರೋಗಿಯನ್ನು. ಕಾರ್ಮನ್ ತುಟಿ ಕಚ್ಚುತ್ತಾನೆ, ಮುಖ ತಿರುಗಿಸುತ್ತಾನೆ, ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಭುಜ ಮಾತ್ರ ಕುಲುಕುತ್ತಲೇ ಇರುತ್ತದೆ. ಕಾರ್ಮನ್ 2008ರಲ್ಲಿ, ಕಾನ್ವೇ 2019ರಲ್ಲಿ ತೀರಿಕೊಂಡರು. ಆ ಭುಜ ಇವತ್ತಿಗೂ ಕುಲುಕುತ್ತಿದೆ.

ಇದರಲ್ಲಿ ನಮ್ಮ ವೈದ್ಯಶಾಸ್ತ್ರದ ಒಂದು ಸೂಕ್ಷ್ಮವೂ ಇದೆ. ಮುಖದ ಸ್ನಾಯುಗಳಿಗೆ ಮೆದುಳಿನಿಂದ ಎರಡು ದಾರಿಗಳಲ್ಲಿ ಆಜ್ಞೆ ಬರುತ್ತದೆ. 'ಎಲ್ಲಿ, ಹಲ್ಲು ತೋರಿಸಿ' ಎಂದಾಗ ಮೆದುಳಿನ ಹೊರಪದರದಿಂದ ಹೊರಡುವುದು ಒಂದು. ತಾನಾಗಿ ನಗು ಉಕ್ಕಿದಾಗ ಇನ್ನೂ ಒಳಗಿನ, ಹಳೆಯ ಭಾಗಗಳಿಂದ ಹೊರಡುವುದು ಇನ್ನೊಂದು. ಪಾರ್ಶ್ವವಾಯು ಹೊಡೆದ ಕೆಲವರಲ್ಲಿ ಮೊದಲನೆಯದು ಕಡಿದು ಎರಡನೆಯದು ಉಳಿದಿರುತ್ತದೆ. ಹೇಳಿದಾಗ ತುಟಿಯ ಒಂದು ಬದಿ ಅಲ್ಲಾಡುವುದಿಲ್ಲ. ಯಾರೋ ತಮಾಷೆ ಮಾಡಿದರೆ ಎರಡೂ ಬದಿ ಅರಳುತ್ತವೆ. ಕಣ್ಣಿನ ಸುತ್ತಲಿನ ಸ್ನಾಯು ಬಲವಂತದ ನಗುವಿಗೆ ಸುಲಭವಾಗಿ ಬಗ್ಗುವುದಿಲ್ಲವೆಂದು ಡ್ಯುಶೆನ್ ಎಂಬ ಫ್ರೆಂಚ್ ವೈದ್ಯ 1862ರಲ್ಲೇ ಬರೆದಿದ್ದ. ನಟನೆ ಎಂದರೆ ಮೊದಲನೇ ದಾರಿಯ ಕೆಲಸ. ಎರಡನೆಯದು ಬಂದು ಅದನ್ನು ತಳ್ಳಿ ಬೀಳಿಸುವುದನ್ನು ಕಣ್ಣಾರೆ ನೋಡುವುದೇ ಈ ತಪ್ಪು ಶಾಟುಗಳ ರುಚಿ ಎಂದು ನನ್ನ ವಾದ. ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿಯ ಲೆಕ್ಕದಂತೆ ಒಬ್ಬರೇ ಇರುವಾಗ ನಗುವುದಕ್ಕಿಂತ ನಾಲ್ಕು ಜನರ ಜೊತೆ ಇರುವಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವಂತೆ. ಹಾಗಿರುವಾಗ ಲೈಟು, ಕ್ಯಾಮೆರಾ, ನಲವತ್ತು ಜನರ ಮುಂದೆ ನಿಂತ ನಟನ ಗತಿ ಏನು!

ಇದನ್ನು ವ್ಯಾಪಾರ ಮಾಡುವವರಿಗೂ ಈ ರುಚಿ ಗೊತ್ತು. 'ಎ ಬಗ್ಸ್ ಲೈಫ್' (1998) ಎಂಬ ಕಾರ್ಟೂನ್ ಚಿತ್ರದ ಕೊನೆಯಲ್ಲಿ ಕಂಪ್ಯೂಟರ್‌ನಲ್ಲಿ ಬರೆದ ಇರುವೆಗಳು ಡೈಲಾಗು ಮರೆತು ನಗುತ್ತವೆ! ಒಮ್ಮೆಗೆ ಅದು ಚೆನ್ನ. ಆದರೆ ಈಗ ಟೀವಿಯಲ್ಲಿ ಬೇಕೆಂದೇ ಎಡವಿಸಿ ನಗಿಸುವುದನ್ನು ನೋಡಿದರೆ ನನಗೆ ಎರಡನೇ ಸಲಕ್ಕೆ ಸಪ್ಪೆ.

ನಮ್ಮವರದು? ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೋಡಿದವರಿಗೆ ಹೇಳಬೇಕಾಗಿಲ್ಲ. ಅವರು ಬರೆದ ಮಾತು ಬಿಟ್ಟು ಆ ದಿನದ ಪೇಪರಿನ ಸುದ್ದಿಗೆ ಹಾರಿದರೆ ಎದುರಿನ ಪಾತ್ರಧಾರಿ ಪಕ್ಕದ ಪರದೆಯ ಕಡೆ ತಿರುಗಿ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಬೆವರಲ್ಲ ಅದು! ಸಿನಿಮಾದಲ್ಲಿ ಮಾತ್ರ ಈ ಭಾಗ್ಯ ನಮಗಿರಲಿಲ್ಲ. ಸಾವಿರ ಅಡಿಯ ಫಿಲಂ ರೋಲು ಓಡುವುದು ಸುಮಾರು 11 ನಿಮಿಷ, ಅದಕ್ಕೆ ಕೊಡುವ ದುಡ್ಡು ನಿರ್ಮಾಪಕನ ಜೇಬಿನದು. ಕೆಟ್ಟ ಶಾಟಿಗೆ 'ಎನ್‌ಜಿ' ಎಂದು ಹೆಸರು, ಎನ್‌ಜಿ ಎಂದರೆ ನಷ್ಟ. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿದ ಚಿತ್ರಗಳಲ್ಲಂತೂ ಸೆಟ್ಟಿನ ನಗು ಧ್ವನಿಪಟ್ಟಿಗೆ ಏರುತ್ತಲೇ ಇರಲಿಲ್ಲ. ನರಸಿಂಹರಾಜು, ಕಿವಿ ಮಂದವಾಗಿದ್ದ ಬಾಲಕೃಷ್ಣ ಇಬ್ಬರೂ ಎದುರುಬದುರು ನಿಂತಾಗ ಎಷ್ಟು ಶಾಟು ಕೆಟ್ಟಿರಬಹುದು! ಅದರಲ್ಲಿ ಒಂದು ನಿಮಿಷಕ್ಕೆ ನಾನು ಈಗಿನ ಹತ್ತು ಸಿನಿಮಾ ಕೊಟ್ಟೇನು.

ಈ ಮಾತು ನನಗೆ ಬರಿಯ ಹರಟೆಯಾಗಿ ಉಳಿಯದಿರಲು ಒಂದು ಕಾರಣವಿದೆ. 2009ರಲ್ಲಿ ನಾವು ಕೆಲವು ಗೆಳೆಯರು ಗಣೇಶನ ಹಬ್ಬಕ್ಕೆ ಹಾಸ್ಯ ನಾಟಕವೊಂದನ್ನು ಆಡಿದೆವು. ಅಭ್ಯಾಸ ನಮ್ಮ ಗರಾಜಿನಲ್ಲಿ. ಹೊರಗೆ ನೂರು ಡಿಗ್ರಿ, ಒಳಗೆ ಎರಡು ಟೇಬಲ್ ಫ್ಯಾನು, ತಲೆಯ ಮೇಲೆ ಡಿಎಫ್‌ಡಬ್ಲ್ಯೂ ಏರ್‌ಪೋರ್ಟಿನ ವಿಮಾನಗಳು. ಊರಗೌಡನ ಪಾತ್ರಕ್ಕೆ ನಮ್ಮ ಹಿರಿಯರೊಬ್ಬರು; ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ಅವರು ಇಂಜಿನಿಯರು, ಶಿಸ್ತಿನ ಮನುಷ್ಯ, ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೇ ಆ ಪಾತ್ರ ಅವರಿಗೆ ಸಿಕ್ಕಿದ್ದು. ಆಳಿನ ಪಾತ್ರದ ಹುಡುಗ 'ಕಾಲಿಗೆ ಬಿದ್ದು ಕೈ ಮುಗೀತೀನಿ ಗೌಡ್ರೇ' ಅನ್ನಬೇಕಾದಲ್ಲಿ 'ಕೈಗೆ ಬಿದ್ದು ಕಾಲು ಮುಗೀತೀನಿ' ಅಂದುಬಿಟ್ಟ. ರಾಯರು ಅರೆಗಳಿಗೆ ಕಣ್ಣು ಕೆರಳಿಸಿ ನೋಡಿದರು. ಆಮೇಲೆ ಮೀಸೆ ಅದುರಿತು, ಅಂಟು ಬಿಟ್ಟು ಒಂದು ಕಡೆ ಜೋತುಬಿತ್ತು, ಮನುಷ್ಯ ಗೋಡೆ ಹಿಡಿದು ಕುಸಿದು ಕೂತರು. ಮತ್ತೆ ಶುರು ಮಾಡಿದರೆ ಹುಡುಗ ಬಾಯಿ ತೆರೆಯುವ ಮೊದಲೇ ಇವರಿಗೆ ನಗು. ಆ ಸಂಜೆ ಆ ದೃಶ್ಯ ಮುಂದೆ ಹೋಗಲೇ ಇಲ್ಲ. ನನ್ನ ಹೆಂಡತಿಯ ಹ್ಯಾಂಡಿಕ್ಯಾಮ್ ಟ್ರೈಪಾಡಿನ ಮೇಲೆ ಓಡುತ್ತಲೇ ಇತ್ತು. ಹಬ್ಬದ ದಿನ ನಾಟಕ ಒಂದು ತಪ್ಪೂ ಇಲ್ಲದೆ ನಡೆಯಿತು. ಅದರ ಡಿವಿಡಿಯನ್ನು ಎಲ್ಲರೂ ಕೊಂಡರು, ಎರಡನೇ ಸಲ ನೋಡಿದವರು ನನಗೆ ಸಿಕ್ಕಿಲ್ಲ.

2017ರಲ್ಲಿ ರಾಯರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಹೋಗಿತ್ತು, ಮಾತೂ ಕಷ್ಟ. ನಾನು ಹೋಗಿದ್ದು ಡಾಕ್ಟರಾಗಿ ಅಲ್ಲ, ನೋಡಿಕೊಂಡು ಬರಲು. ಆ ಹೊತ್ತಿಗೆ ಅಲ್ಲಿನ ಡಾಕ್ಟರು ಹಲ್ಲು ತೋರಿಸಿ ಎಂದರು. ಎಡಗಡೆ ಮಾತ್ರ ಎದ್ದಿತು. ಅವರು ಹೋದ ಮೇಲೆ ಮಂಚದ ಪಕ್ಕ ನಿಂತಿದ್ದ ನಮ್ಮ 'ಆಳು' ಮೆಲ್ಲಗೆ, 'ಕೈಗೆ ಬಿದ್ದು ಕಾಲು ಮುಗೀತೀನಿ ಗೌಡ್ರೇ' ಅಂದ. ತುಟಿಯ ಎರಡೂ ಬದಿ ಎದ್ದವು. ಪುಸ್ತಕದಲ್ಲಿ ಓದಿದ್ದೆ, ರೋಗಿಗಳಲ್ಲಿ ಕಂಡಿದ್ದೆ. ಆದರೂ ಆ ದಿನ ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ಎರಡು ವರ್ಷದ ಮೇಲೆ ರಾಯರು ಹೋದರು. ವೈಕುಂಠ ಸಮಾರಾಧನೆ ಮುಗಿಸಿ ಹೊರಟಾಗ ಅವರ ಮನೆಯವರು ನನ್ನನ್ನು ಕರೆದು, 'ಡಾಕ್ಟ್ರೇ, ಆ ಗರಾಜಿನ ಟೇಪು ನಿಮ್ಮ ಹತ್ರ ಇದೆಯಾ? ನಾಟಕದ್ದು ಬೇಡ, ಅದು ನಮ್ಮಲ್ಲಿದೆ' ಅಂದರು. ಹನ್ನೊಂದು ನಿಮಿಷದ ಅದನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟೆ. ಕನ್ನಡ ಅಷ್ಟಕ್ಕಷ್ಟೇ ಬರುವ ಮೊಮ್ಮಗ ಅದನ್ನು ಹಾಕಿಸಿಕೊಂಡು ಕೂರುತ್ತಾನಂತೆ. ಡೈಲಾಗು ಅರ್ಥವಾಗದಿದ್ದರೂ ತಾತನ ಮೀಸೆ ಬೀಳುವ ಹೊತ್ತಿಗೆ ಸರಿಯಾಗಿ ನಗುತ್ತಾನಂತೆ.

ನಿಮ್ಮ ಮನೆಯಲ್ಲೂ ಹಳೆಯ ಅಭ್ಯಾಸದ ಟೇಪುಗಳಿರಬಹುದು. ದಯವಿಟ್ಟು ಗರಾಜಿನಿಂದ ಒಳಗೆ ತನ್ನಿ. ನಮ್ಮ ಟೆಕ್ಸಾಸಿನ ಬೇಸಿಗೆಗೆ ಟೇಪು ತಾಳುವುದಿಲ್ಲ. ನನ್ನ ಮಿನಿ ಡಿವಿ ಕ್ಯಾಮೆರಾ ಇನ್ನೂ ಓಡುತ್ತದೆ, ಬೇಕಾದವರು ಒಯ್ಯಬಹುದು. ಬ್ಯಾಟರಿ ಸತ್ತಿದೆ, ವೈರು ಚುಚ್ಚಿಕೊಂಡೇ ನಡೆಸಬೇಕು.