ಕುರ್ಚಿ ಖಾಲಿ ಮಾಡುವ ಮುಂಚೆ

ಐಟಿಯಲ್ಲಿರುವ ಯಾರಿಗೂ ಕೆಟಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾಲೆಡ್ಜ್ ಟ್ರಾನ್ಸ್‌ಫರ್. ಹೋಗುವವನು ಬರುವವನಿಗೆ ಕೆಲಸ ಹೇಳಿಕೊಟ್ಟು ಹೋಗಬೇಕು, ಅಷ್ಟೇ. ಬೆಂಗಳೂರಿನಲ್ಲಿ ಇದು ದಿನಾ ನಡೆಯುವ ವ್ಯವಹಾರ. ಪೇಪರ್ ಹಾಕಿದವನು ನೋಟಿಸ್ ಪೀರಿಯಡ್ಡಿನಲ್ಲಿ ಅರೆಮನಸ್ಸಿನಿಂದ ನಾಲ್ಕು ಪಿಪಿಟಿ ತೋರಿಸ್ತಾನೆ, ಕೊನೆಯ ದಿನ ಕೇಕ್ ಕತ್ತರಿಸ್ತಾನೆ, ಸೋಮವಾರ ರಸ್ತೆಯಾಚೆಗಿನ ಕಂಪನಿಗೆ ಮೂವತ್ತು ಪರ್ಸೆಂಟ್ ಹೈಕ್ ತಗೊಂಡು ಸೇರ್ತಾನೆ. ಯಾರಿಗೂ ಬೇಜಾರಿಲ್ಲ.

ಆದ್ರೆ ಹೋಗುವವನು ತಾನಾಗಿ ಹೋಗ್ತಿಲ್ಲ, ಅವನನ್ನ ಕಳಿಸ್ತಿದ್ದಾರೆ, ಆ ಜಾಗಕ್ಕೆ ಬಂದು ಕೂತಿರೋದು ನಾನೇ ಅಂತಾದರೆ ಅದೇ ಕೆಟಿಯ ರುಚಿ ಬೇರೆ. 2014ರ ಅಕ್ಟೋಬರ್‌ನಲ್ಲಿ ನಾನು ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಹತ್ತಿರ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಅಂಥ ಕೆಟಿ ತಗೊಳ್ಳಲು ಹೋಗಿ ಇಳಿದೆ. ಎಚ್-1ಬಿ ವೀಸಾ. ಆ ವರ್ಷ 85,000 ವೀಸಾಕ್ಕೆ ಸುಮಾರು 1,72,500 ಅರ್ಜಿ ಬಿದ್ದಿದ್ದವು. ಲಾಟರಿಯಲ್ಲಿ ನನ್ನ ನಂಬರ್ ಹತ್ತಿತ್ತು. ಹಿಂದಿನ ಮಳೆಗಾಲದಲ್ಲಿ ನಮ್ಮ ತೋಟದ ಅರ್ಧ ಅಡಿಕೆ ಕೊಳೆರೋಗಕ್ಕೆ ಹೋಗಿತ್ತು, ಸೊಸೈಟಿ ಸಾಲ ಹಾಗೇ ಇತ್ತು. ಆನ್‌ಸೈಟ್ ಅಂದ ತಕ್ಷಣ ಅಪ್ಪ ಮೊದಲು ಕೇಳಿದ್ದು, "ಎಷ್ಟು ವರ್ಷ ಮಾರಾಯ?"

ಅಲ್ಲಿ ಹನ್ನೊಂದು ಜನ ಮಾಡ್ತಿದ್ದ ಕೆಲಸ. ಅದರಲ್ಲಿ ಮೂರು ಜನದ ಪಾಲು ಅಲ್ಲೇ ನಮ್ಮ ಕೈಗೆ, ಎಂಟು ಜನದ ಪಾಲು ವಿಮಾನ ಹತ್ತದೆಯೇ ಬೆಂಗಳೂರಿಗೆ. ನನಗೆ ಹೇಳಿಕೊಡಬೇಕಾಗಿದ್ದವರಿಗೆ ಐವತ್ತೈದು ವರ್ಷ. ಹೆಸರು ಬೇಡ, ಹಿರಿಯರು ಅನ್ನೋಣ. ಮೇನ್‌ಫ್ರೇಮ್, ಕೋಬಾಲ್, ರಾತ್ರಿ ಓಡುವ ಬ್ಯಾಚ್ ಜಾಬ್‌ಗಳು. ಇಪ್ಪತ್ತಾರು ವರ್ಷದಿಂದ ಒಂದೇ ಸಿಸ್ಟಂ. ಅರ್ಧದಷ್ಟು ಪ್ರೋಗ್ರಾಂಗಳ ತಲೆಬರಹದಲ್ಲಿ ಅವರ ಇನಿಶಿಯಲ್ ಇತ್ತು.

ಹತ್ತು ವಾರದ ಪ್ಲಾನ್. ಮೊದಲು ಅವರು ಹೇಳೋದು ನಾನು ಕೇಳೋದು, ಆಮೇಲೆ ಅವರು ಮಾಡೋದು ನಾನು ನೋಡೋದು, ಆಮೇಲೆ ನಾನು ಮಾಡೋದು ಅವರು ನೋಡೋದು. ಕೊನೆಗೊಂದು ಸೈನ್‌ಆಫ್ ಶೀಟ್. ಕಲಿಸಿದ್ದೇನೆ ಅಂತ ಅವರು, ಕಲಿತಿದ್ದೇನೆ ಅಂತ ನಾನು ಸಹಿ ಹಾಕಬೇಕು. ನನ್ನ ಸಹಿ ಬೀಳದಿದ್ದರೆ ಅವರಿಗೆ ಬರಬೇಕಾದ ಸೆವೆರೆನ್ಸ್ ದುಡ್ಡು ಬರೋದಿಲ್ಲ. ಇದನ್ನ ನನಗೆ ಹೇಳಿದ್ದು ನಮ್ಮ ಮ್ಯಾನೇಜರ್ ಅಲ್ಲ, ಎರಡನೇ ದಿನ ಅವರೇ. ನಾಳೆ ಹಿಮ ಬೀಳಬಹುದು ಅನ್ನುವಷ್ಟೇ ಸಲೀಸಾಗಿ. ನನಗಾಗ ಮೂವತ್ತೂ ತುಂಬಿರಲಿಲ್ಲ. ಅಪ್ಪನ ವಯಸ್ಸಿನವರಿಗೆ ನಾನು ಪಾಸು ಫೇಲು ಕೊಡೋದು!

ಕಲಿಸೋದರಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ತಿಂಗಳ ಕೊನೆಯ ದಿನ ಭಾನುವಾರ ಬಂದು, ಮರುದಿನ ಸೋಮವಾರವೂ ರಜೆಯಾದರೆ ಒಂದು ಜಾಬ್ ಎರಡು ಸಲ ಓಡುತ್ತಿತ್ತು; ಕಂತು ಕಟ್ಟಿಲ್ಲ ಅನ್ನುವ ನೋಟಿಸು ಎರಡೆರಡು ಸಲ ಪ್ರಿಂಟ್ ಆಗ್ತಿತ್ತು. ಯಾವ ಡಾಕ್ಯುಮೆಂಟಿನಲ್ಲೂ ಇದಿರಲಿಲ್ಲ. ಹೇಳದೆ ಹೋಗಿದ್ದರೆ ಅವರು ಹೋದ ಮೇಲೆ ನಾವು ರಾತ್ರಿಯಿಡೀ ಒದ್ದಾಡ್ತಿದ್ದೆವು, ಒದ್ದಾಡಲಿ ಅಂತ ಬಿಡುವ ಹಕ್ಕೂ ಅವರಿಗಿತ್ತು ಅನ್ನಿ. ಯಾಕೆ ಹೇಳಿದ್ರಿ ಅಂತ ಕೇಳಿದ್ದಕ್ಕೆ, "ಯಾರೋ ಮುದುಕಿ ಒಂದೇ ದಿನ ಎರಡು ನೋಟಿಸ್ ನೋಡಿ ಹೆದರ್ತಾಳೆ. ಅವಳೇನು ಮಾಡಿದ್ದಾಳೆ?" ಅಂದರು.

ಅವರ ತಂದೆ ಯಂಗ್ಸ್‌ಟೌನ್ ಅನ್ನುವ ಊರಿನ ಉಕ್ಕಿನ ಕಾರ್ಖಾನೆಯಲ್ಲಿದ್ದವರು. 1977ರ ಸೆಪ್ಟೆಂಬರ್ 19, ಒಂದು ಸೋಮವಾರ, ಆ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಸುಮಾರು 5,000 ಜನರ ಕೆಲಸ. ಆ ಭಾಗದಲ್ಲಿ ಈಗಲೂ ಅದಕ್ಕೆ ಕರಾಳ ಸೋಮವಾರ ಅಂತಾರೆ. ಮಗನಿಗಾಗ ಹದಿನೆಂಟು. ಕುಲುಮೆ ಬೇಡ ಕಂಪ್ಯೂಟರ್ ಕಲಿ, ಅದನ್ನ ಯಾರೂ ಹೊತ್ತುಕೊಂಡು ಹೋಗೋಕಾಗಲ್ಲ ಅಂತ ತಂದೆ ಹೇಳಿದ್ದರಂತೆ. ಇದನ್ನ ಹೇಳಿ ಹಿರಿಯರು ನಕ್ಕರು. ನಾನು ಸ್ಕ್ರೀನ್ ನೋಡ್ತಾ ಕೂತೆ.

ಎಲ್ಲರೂ ಹೀಗಿರಲಿಲ್ಲ. ಪಕ್ಕದ ಸಾಲಿನ ಒಬ್ಬ ಮಹಿಳೆ ಹತ್ತು ವಾರದಲ್ಲಿ ನಮ್ಮ ಕಡೆ ತಿರುಗಿ ಗುಡ್ ಮಾರ್ನಿಂಗ್ ಕೂಡ ಅನ್ನಲಿಲ್ಲ. ಮೈಕ್ರೋವೇವ್ ಮೇಲೆ, ವಾಸನೆ ಬರುವ ಊಟ ಇಲ್ಲಿ ಬಿಸಿ ಮಾಡಬೇಡಿ ಅಂತ ಯಾರೋ ಚೀಟಿ ಅಂಟಿಸಿದರು. ನಾನು ತರ್ತಿದ್ದದ್ದು ಮೊಸರನ್ನ, ಅದನ್ನ ಬಿಸಿ ಮಾಡೋ ಪಾಪ ಯಾರು ಮಾಡ್ತಾರೆ! ಕಾನ್ಫರೆನ್ಸ್ ಕಾಲ್‌ನಲ್ಲಿ ಮ್ಯೂಟ್ ಆಗಿದೆ ಅಂದುಕೊಂಡು ಒಬ್ಬ ನನ್ನ 'ವಿ' ಮತ್ತು 'ಡಬ್ಲ್ಯು' ಉಚ್ಚಾರ ಅಣಕಿಸಿದ. ಅದೇನೂ ಹೊಸದಲ್ಲ ಬಿಡಿ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನ್ನ ಇಂಗ್ಲಿಷನ್ನ ಬೆಂಗಳೂರಿನ ಕಾನ್ವೆಂಟ್ ಹುಡುಗರು ಅದಕ್ಕಿಂತ ಚೆನ್ನಾಗಿ ಅಣಕಿಸಿದ್ದರು. ಆಕ್ಸೆಂಟ್ ಟ್ರೈನಿಂಗ್ ಅಂತ ಕಂಪನಿಯೇ ಒಂದು ವಾರ ನನ್ನ ನಾಲಿಗೆ ತಿದ್ದಿ ಕಳಿಸಿತ್ತು.

ಕ್ಯಾಂಟೀನಿನಲ್ಲಿ ನಮ್ಮ ಬಗ್ಗೆ ಕಿವಿಗೆ ಬೀಳ್ತಿದ್ದದ್ದು ಮೂರೇ ಮಾತು. ಕಡಿಮೆ ಸಂಬಳಕ್ಕೆ ಬರ್ತಾರೆ. ನಮ್ಮ ಜೊತೆ ಸೇರಲ್ಲ, ತಮ್ಮ ಭಾಷೆಯಲ್ಲೇ ಮಾತಾಡ್ಕೋತಾರೆ. ಒಬ್ಬ ಬಂದರೆ ತನ್ನವರನ್ನೇ ತುಂಬಿಸ್ತಾನೆ.

ಇದಕ್ಕೆ ನಮ್ಮವರ ಉತ್ತರ ರೆಡಿ ಇರುತ್ತೆ: ಅವರಲ್ಲಿ ಟ್ಯಾಲೆಂಟ್ ಇಲ್ಲ, ಅದಕ್ಕೇ ನಾವು ಹೋಗಿದ್ದು. ಈ ಮಾತು ಹೇಳುವವರು ನನ್ನನ್ನ ನೋಡಿಲ್ಲ. ನಾನು ಓದಿದ್ದು ಬಿಇ ಇ ಅಂಡ್ ಸಿ. ಕೋಬಾಲ್ ಕಲಿತಿದ್ದು ಕಂಪನಿಯ ಮೂರು ತಿಂಗಳ ಟ್ರೈನಿಂಗಿನಲ್ಲಿ. ಆ ಹಿರಿಯರಿಗಿಂತ ನಾನು ಜಾಣನಾಗಿದ್ದರೆ ಅವರು ಹತ್ತು ವಾರ ನನಗೆ ಪಾಠ ಹೇಳುವ ಅಗತ್ಯವೇ ಇರ್ತಿರಲಿಲ್ಲ. ಅವರಿಗಿಂತ ನನ್ನಲ್ಲಿ ಹೆಚ್ಚಿದ್ದದ್ದು ಒಂದೇ, ಅಗ್ಗ.

ಅದನ್ನ ಅಮೆರಿಕದ ಕಾನೂನೇ ಬರೆದಿಟ್ಟಿದೆ. ಎಚ್-1ಬಿ ನೌಕರರೇ ಹೆಚ್ಚಿರುವ ಕಂಪನಿಗಳು ಅಮೆರಿಕನ್ನರ ಕೆಲಸ ತಪ್ಪಿಸಿ ಆ ಜಾಗಕ್ಕೆ ವೀಸಾದವರನ್ನ ಕೂರಿಸಬಾರದು ಅಂತ ಒಂದು ನಿಯಮ ಇದೆ. ಆದ್ರೆ ವರ್ಷಕ್ಕೆ 60,000 ಡಾಲರ್ ಅಥವಾ ಹೆಚ್ಚು ಸಂಬಳ ಕೊಟ್ಟರೆ ಆ ನಿಯಮ ಲಾಗೂ ಇಲ್ಲ. 1998ರಲ್ಲಿ ಬರೆದ ಅಂಕಿ, ಅಲ್ಲಿಂದ ಅಲ್ಲಾಡಿಲ್ಲ. ನನ್ನ ಸಂಬಳ ಅದಕ್ಕಿಂತ ಕೆಲವೇ ಸಾವಿರ ಮೇಲಿತ್ತು. ಯಾಕೆ ಅಷ್ಟೇ ಇತ್ತು ಅಂತ ನಿಮಗೀಗ ಅರ್ಥ ಆಗಿರಬೇಕು. ನಾನು ಅಲ್ಲಿದ್ದಾಗಲೇ ಫ್ಲಾರಿಡಾದ ಒರ್ಲಾಂಡೊದಲ್ಲಿ ಡಿಸ್ನಿಯ ಸುಮಾರು 250 ಐಟಿ ನೌಕರರು ಹೀಗೇ ತಮ್ಮ ಜಾಗಕ್ಕೆ ಬಂದವರಿಗೆ ಕಲಿಸಿ ಕೆಲಸ ಬಿಡ್ತಿದ್ದರು. ಆ ವಿಷಯ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಇಬ್ಬರು 2016ರಲ್ಲಿ ಕೋರ್ಟಿಗೂ ಹೋದರು. ಕೇಸು ಅದೇ ವರ್ಷ ವಜಾ.

ಇನ್ನು ನಮ್ಮ ಕಾಲಿನ ಹಗ್ಗದ ಕಥೆ. ವೀಸಾ ಇರೋದು ಕಂಪನಿಯ ಅರ್ಜಿ ಮೇಲೆ. ಗ್ರೀನ್ ಕಾರ್ಡ್ ಬೇಕು ಅಂದ್ರೆ ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಕೊಡೋದೇ 1,40,000. ಸಾಮಾನ್ಯವಾಗಿ ಒಂದು ದೇಶಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಸಿಗಲ್ಲ. ಪುಟ್ಟ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಹಾಗಾಗಿ ನಮ್ಮವರು ವರ್ಷಗಟ್ಟಲೆ ಕ್ಯೂನಲ್ಲಿ ನಿಂತು ಮ್ಯಾನೇಜರ್ ಮುಂದೆ ಬಾಯಿ ಬಿಡದೆ ಶನಿವಾರವೂ ಕೂತು ಕೆಲಸ ಮಾಡ್ತಾರೆ. ಇದನ್ನ ಅಲ್ಲಿ ಭಾರತೀಯರ ಹಾರ್ಡ್ ವರ್ಕ್ ಅಂತ ಹೊಗಳ್ತಾರೆ.

ಡಿಸೆಂಬರ್ ಎರಡನೇ ವಾರ ಶೀಟಿಗೆ ಸಹಿ ಹಾಕಿದೆ. ಹಿರಿಯರು ಒಂದು ರಟ್ಟಿನ ಡಬ್ಬಿಯಲ್ಲಿ ಫೋಟೋ, ಕಾಫಿ ಮಗ್ ತುಂಬಿಕೊಂಡು ಹೋದರು. ವರ್ಷದ ಮೇಲೆ ಲಿಂಕ್ಡ್‌ಇನ್‌ನಲ್ಲಿ ನೋಡಿದೆ, ಸ್ಕೂಲ್ ಬಸ್ ಓಡಿಸ್ತಿದ್ದರು.

ನಾನು 2016ರ ಕೊನೆಗೆ ವಾಪಸ್ ಬಂದೆ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇತ ಅನ್ನುವ ಊರಿನ ಬಾರಿನಲ್ಲಿ ಒಬ್ಬ, ನಮ್ಮ ದೇಶ ಬಿಟ್ಟು ಹೋಗಿ ಅಂತ ಕೂಗಿ ಇಬ್ಬರು ಭಾರತೀಯ ಎಂಜಿನಿಯರುಗಳ ಮೇಲೆ ಗುಂಡು ಹಾರಿಸಿದ. ಒಬ್ಬರು ತೀರಿಕೊಂಡರು. ಅವನನ್ನ ಹಿಡಿಯೋಕೆ ಹೋದ ಒಬ್ಬ ಅಮೆರಿಕನ್ನನಿಗೂ ಗುಂಡು ತಾಗಿತು. ಸತ್ತವರನ್ನ ಅವನು ಇರಾನಿನವರು ಅಂದುಕೊಂಡಿದ್ದನಂತೆ. ಅಮ್ಮ ಟಿವಿ ನೋಡಿ ಫೋನ್ ಮಾಡಿ, "ಸದ್ಯ, ನೀ ಬಂದದ್ದು ಒಳ್ಳೇದಾಯ್ತು" ಅಂದಳು.

ಬಂದು ಕೂತ ಬೆಂಗಳೂರಿನ ಕ್ಯಾಂಟೀನಿನಲ್ಲಿ ಕೇಳಿದ್ದೇನು? ಅದೇ ಮೂರು ಮಾತು. ಕಡಿಮೆ ಸಂಬಳಕ್ಕೆ ಬರ್ತಾರೆ, ಭಾಷೆ ಕಲಿಯಲ್ಲ, ತಮ್ಮವರನ್ನೇ ತುಂಬಿಸ್ತಾರೆ. ಬರೀ ಸರ್ವನಾಮ ಬದಲು. ಎಲ್ಲ ಸುಳ್ಳು ಅಂತ ನಾನು ಹೇಳಲ್ಲ. ಬ್ಯಾಂಕ್ ಕೌಂಟರಿನಲ್ಲಿ ನನ್ನ ಅಮ್ಮನಿಗೆ ಕನ್ನಡದಲ್ಲಿ ಉತ್ತರ ಸಿಗಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದ್ರೆ ಅದನ್ನ ಕೇಳಬೇಕಾದ್ದು ಬ್ಯಾಂಕನ್ನ, ಪಾನಿಪುರಿ ಗಾಡಿಯವನನ್ನ ಅಲ್ಲ. ಕೇಳುವ ಧೈರ್ಯ ಬರೋದು ಮಾತ್ರ ಗಾಡಿಯವನ ಮುಂದೆ. 2012ರ ಆಗಸ್ಟ್‌ನಲ್ಲಿ ಒಂದು ಸುಳ್ಳುಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಗಂಟುಮೂಟೆ ಹೊತ್ತು ನಿಂತರಲ್ಲ, ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಡಬೇಕಾಯಿತು. ಆ ವಾರ ನಮ್ಮ ಆಫೀಸಿನ ಗೇಟಿನಲ್ಲಿ ಸೆಕ್ಯುರಿಟಿಯವರೇ ಇರಲಿಲ್ಲ. ನಾವೆಲ್ಲ ಐಡಿ ಕಾರ್ಡ್ ತೋರಿಸೋ ಕಿರಿಕಿರಿ ಇಲ್ಲದೆ ಒಳಗೆ ಹೋದೆವು.

ಊರಲ್ಲೂ ಈಗ ಅಸ್ಸಾಮಿನವರು. ಮೊದಲು ಘಟ್ಟದ ಕೆಳಗಿನ ಆಳುಗಳು ಬರ್ತಿದ್ದರು, ಆಮೇಲೆ ಬಯಲುಸೀಮೆಯವರು. ಊರ ಹುಡುಗರೆಲ್ಲ ಬೆಂಗಳೂರು ಸೇರಿ, ನಾನೂ ಸೇರಿ, ತೋಟದಲ್ಲಿ ಜನವಿಲ್ಲ. ಆದ್ರೂ ಅಪ್ಪನ ದೂರು ನಿಂತಿಲ್ಲ. "ಇವಕ್ಕೆ ಅಡಿಕೆ ಮರ ಅಂದ್ರೆ ಏನು ಅಂತಲೇ ಗೊತ್ತಿಲ್ಲ. ಎಲ್ಲಾ ನಾನೇ ಹೇಳಿಕೊಡಬೇಕು." ಕಳೆದ ಸಲ ನಾನು ಊರಲ್ಲಿದ್ದಾಗ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಹುಡುಗನನ್ನ ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ. ಅವನು ಉತ್ತರ ಕೊಟ್ಟಿದ್ದು ಅರ್ಧ ಕನ್ನಡದಲ್ಲಿ. ಅವನ ಮನೆ ಹಿತ್ತಲಲ್ಲೂ ಅರವತ್ತು ಅಡಿಕೆ ಮರ ಇದೆಯಂತೆ. ಅವರು ನಮ್ಮ ಹಾಗೆ ಬೇಯಿಸಿ ಒಣಗಿಸಲ್ಲ, ಹಸಿಯಾಗೇ ತಿಂತಾರಂತೆ, ಮನೆಗೆ ಬಂದವರಿಗೆ ಮೊದಲು ಅದನ್ನೇ ಕೊಡೋದಂತೆ.

ಜಗಲಿಯಲ್ಲಿ ಕೂತಿದ್ದ ಅಪ್ಪ ಪೇಪರ್ ಕೆಳಗಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಹೌದನಾ? ನಿಮ್ಮಲ್ಲಿ ಈ ವರ್ಷ ರೇಟೆಷ್ಟು?"