ಮಲಗಿಸಿಟ್ಟ ಬಿಲ್ಲು

ಕ್ಯಾಲಿಫೋರ್ನಿಯಾದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಕ್ರಾಸ್‌ಬೋಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಕಾಣುವುದು ಅಂಬಿನ ವೇಗ. ಸೆಕೆಂಡಿಗೆ 400 ಅಡಿ, ಕೆಲವಕ್ಕೆ ಅದಕ್ಕೂ ಹೆಚ್ಚು. ಅಂಬು ಎಷ್ಟು ಆಳಕ್ಕೆ ನಾಟೀತು ಎಂದು ಕೇಳಿದರೆ ಅಂಗಡಿಯವರು ಆ ಅಂಕಿಯನ್ನೇ ತೋರಿಸುತ್ತಾರೆ. ನನಗಾಗ ಇಶಿ ನೆನಪಾಗುತ್ತಾನೆ. ಇದೇ ರಾಜ್ಯದ ಲಾಸೆನ್ ಬೆಟ್ಟದ ತಪ್ಪಲಿನಲ್ಲಿ, ಸುಮಾರು 40 ಪೌಂಡ್ ಎಳೆತದ ಬಿಲ್ಲು ಹಿಡಿದು, ಅದರಿಂದಲೇ ಜಿಂಕೆ ಹೊಡೆದು ಬದುಕಿದವನು.

ಯಾಹಿ ಬುಡಕಟ್ಟಿನಲ್ಲಿ ಕೊನೆಗೆ ಉಳಿದವನು ಅವನೊಬ್ಬನೇ. 1860ರ ದಶಕದಲ್ಲಿ ಬಿಳಿಯ ವಲಸಿಗರು ಅವನ ಜನರನ್ನು ಬೇಟೆಯಾಡಿದಂತೆ ಕೊಂದರು. ಅಳಿದುಳಿದ ಬೆರಳೆಣಿಕೆಯವರು ಡೀರ್ ಕ್ರೀಕ್ ಕಣಿವೆಯಲ್ಲಿ ದಶಕಗಳ ಕಾಲ ಅಡಗಿ ಬಾಳಿದರು. ಬಂದೂಕಿನ ಸದ್ದು ಅವರಿದ್ದ ಜಾಗವನ್ನು ತೋರಿಸಿಕೊಡುತ್ತಿತ್ತು, ಬಿಲ್ಲು ತೋರಿಸಿಕೊಡುತ್ತಿರಲಿಲ್ಲ. 1908ರಲ್ಲಿ ಸರ್ವೆಯವರ ತಂಡ ಅವರ ಗುಡಿಸಲುಗಳನ್ನು ಕಂಡುಹಿಡಿದು, ಬಿಲ್ಲು ಬಾಣ ಸಲಕರಣೆಗಳನ್ನೆಲ್ಲ ನೆನಪಿಗೆಂದು ಎತ್ತಿಕೊಂಡು ಹೋಯಿತು. ಹೊಟ್ಟೆ ಹೊರೆಯುವ ಆಯುಧವನ್ನೇ ಕಿತ್ತುಕೊಂಡು ಹೋದರಲ್ಲ ಎಂದು ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಮೂರು ವರ್ಷ ಕಳೆದು, 1911ರ ಆಗಸ್ಟಿನಲ್ಲಿ, ಹಸಿವಿನಿಂದ ಸೊರಗಿದ ಇಶಿ ಒಬ್ಬಂಟಿಯಾಗಿ ಒರೊವಿಲ್ ಊರಿನ ಕಸಾಯಿಖಾನೆಯ ಬಳಿ ಬಂದು ನಿಂತ.

ಮಾನವಶಾಸ್ತ್ರಜ್ಞರಾದ ಕ್ರೋಬರ್ ಮತ್ತು ವಾಟರ್‌ಮನ್ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿಗೆ ಕರೆತಂದರು. ಅದರ ಮಗ್ಗುಲಲ್ಲೇ ಇದ್ದ ವೈದ್ಯಕೀಯ ಶಾಲೆಯ ಸರ್ಜನ್ ಸ್ಯಾಕ್ಸ್ಟನ್ ಪೋಪ್ ಅವನಿಗೆ ಡಾಕ್ಟರರೂ ಆದರು, ಶಿಷ್ಯರೂ ಆದರು. ಇಶಿ ಅವರನ್ನು ‘ಪೋಪಿ’ ಎಂದು ಕರೆಯುತ್ತಿದ್ದ. ಆ ಬಿಲ್ಲುವಿದ್ಯೆಯ ಬಗ್ಗೆ ಇವತ್ತು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಪೋಪ್ ಬರೆದಿಟ್ಟದ್ದು.

ಇಶಿಯ ಬಿಲ್ಲು ಜುನಿಪರ್ ಮರದ್ದು. ಬೆನ್ನಿಗೆ ಜಿಂಕೆಯ ನರದ ನಾರನ್ನು ಬಾಯಲ್ಲಿ ಅಗಿದು ಮೆತ್ತಗೆ ಮಾಡಿ, ಅಂಟು ಹಚ್ಚಿ ಕೂರಿಸುತ್ತಿದ್ದ. ಕೆಲಸವಿಲ್ಲದಾಗ ಹೆದೆ ಇಳಿಸಿ ಮಲಗಿಸಿಡಬೇಕು. ನಿಲ್ಲಿಸಿಟ್ಟರೆ ಬಿಲ್ಲು ದುಡಿಯುತ್ತಲೇ ಇರುತ್ತದೆ, ಬೆವರಿ ಬಲ ಕಳೆದುಕೊಳ್ಳುತ್ತದೆ ಎಂದು ಅವನು ನಂಬಿದ್ದ. ಅಂಬಿನ ಕಡ್ಡಿ ವಿಚ್ ಹೇಜಲ್ ಗಿಡದ್ದು. ಅದನ್ನು ಬೆಂಕಿಯ ಕಾವಿನಲ್ಲಿ ನೆಟ್ಟಗೆ ಮಾಡಿ, ಮರಳುಗಲ್ಲುಗಳ ನಡುವೆ ಉಜ್ಜಿ ನಯಗೊಳಿಸುತ್ತಿದ್ದ. ಚೂಪಾದ ಎಲುಬೊಂದನ್ನು ಕಾಲಿನ ಹೆಬ್ಬೆರಳುಗಳ ನಡುವೆ ಹಿಡಿದು, ಎರಡೂ ಅಂಗೈಗಳಲ್ಲಿ ಕಡ್ಡಿಯನ್ನು ಅದರ ಮೇಲೆ ತಿರುಗಿಸುತ್ತ ತುದಿಗೆ ತೂತು ಕೊರೆಯುತ್ತಿದ್ದ. ಆ ತೂತಿಗೆ ಇನ್ನೂ ಗಟ್ಟಿ ಮರದ ಗೇಣುದ್ದದ ತುಂಡು. ಅದರ ತುದಿಗೆ ಕಲ್ಲಿನ ಮೊನೆ. ಹೀಗೆ ಮುಂಭಾರವಾದ ಅಂಬು ಅಡ್ಡಾದಿಡ್ಡಿ ಒಲೆಯದೆ ಮೊನೆಯ ಹಿಂದೆಯೇ ಸಾಗುತ್ತದೆ. ವಾಲಿಕೊಂಡು ಬಡಿದ ಅಂಬು ಎಷ್ಟೇ ವೇಗವಾಗಿ ಬಂದಿರಲಿ, ಚರ್ಮದಲ್ಲೇ ತನ್ನ ಬಲ ಖರ್ಚು ಮಾಡಿಕೊಳ್ಳುತ್ತದೆ.

ಮೊನೆ ಅಬ್ಸಿಡಿಯನ್ನಿನದು, ಜ್ವಾಲಾಮುಖಿಯ ಕಪ್ಪು ಗಾಜುಕಲ್ಲು. ಎಡ ಅಂಗೈಗೆ ತೊಗಲಿನ ತುಂಡು ಹಾಸಿ ಅದರ ಮೇಲೆ ಚಕ್ಕೆಯನ್ನಿಟ್ಟು, ಕಡ್ಡಿಗೆ ಕಟ್ಟಿದ ಜಿಂಕೆಕೊಂಬಿನ ಚೂರಿನಿಂದ ಅಂಚನ್ನು ಒತ್ತಿ ಒತ್ತಿ ಸಿಡಿಸುತ್ತಿದ್ದ. ಸುಮಾರು ಅರ್ಧ ಗಂಟೆಯಲ್ಲಿ ಒಂದು ಮೊನೆ ಸಿದ್ಧ. ಚೂರು ಕಣ್ಣಿಗೆ ಬಿದ್ದರೆ ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು, ಇನ್ನೊಂದು ಕೈಯಿಂದ ನೆತ್ತಿಗೆ ಬಡಿದುಕೊಳ್ಳುವುದು ಅವನ ಮದ್ದು.

ಈ ಕಲ್ಲಿನ ಮೊನೆ ಉಕ್ಕಿನ ಮೊನೆಗೆ ಸಾಟಿಯೇ ಎಂದು ಪೋಪ್ ಪರೀಕ್ಷಿಸಿದರು. ಪೆಟ್ಟಿಗೆಯೊಂದರಲ್ಲಿ ದನದ ಪಿತ್ತಜನಕಾಂಗ ತುಂಬಿ, ಮೇಲೆ ಜಿಂಕೆಯ ಚರ್ಮ ಬಿಗಿದು, ಒಂದೇ ಬಿಲ್ಲಿನಿಂದ ಎರಡು ಬಗೆಯ ಅಂಬನ್ನೂ ಬಿಟ್ಟರು. ಕಲ್ಲಿನದೇ ಹೆಚ್ಚು ಆಳಕ್ಕೆ ಹೋಯಿತು. ಸರ್ಜನ್ ಆದ ಪೋಪ್‌ಗೆ ಅದರ ಮರ್ಮ ಹೊಳೆಯದಿರಲು ಸಾಧ್ಯವೇ? ಗುಂಡು ಪೆಟ್ಟಿನಿಂದ ಕೆಡವುತ್ತದೆ, ಅಂಬು ಕೊಯ್ದು ರಕ್ತ ಹರಿಸಿ ಕೆಡವುತ್ತದೆ. ಕೊಯ್ಯುವ ಕೆಲಸಕ್ಕೆ ಅಂಚು ಮುಖ್ಯ, ಆಮೇಲೆ ಅಂಬಿನ ತೂಕ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದರೆ ಮಾಂಸದೊಳಗೆ ಅಂಬನ್ನು ಮುಂದಕ್ಕೆ ನೂಕುವ ಸಂವೇಗ ಎರಡೇ ಪಟ್ಟು. ಅಂಗಡಿಯ ಕ್ರಾಸ್‌ಬೋ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ.

ಅಂಬು ನಾಟಲು ಇಶಿ ನೆಚ್ಚಿಕೊಂಡಿದ್ದ ದೊಡ್ಡ ಬಲವೆಂದರೆ ಹತ್ತಿರ ಹೋಗುವುದು. ದೂರದ ಗುರಿಹಲಗೆಗೆ ಹೊಡೆಯುವುದರಲ್ಲಿ ಅವನು ಅಂಥ ಜಾಣನಲ್ಲ ಎಂದು ಪೋಪ್ ಬರೆದಿದ್ದಾರೆ. ಬೇಟೆಗೆ ಹೊರಡುವ ಮುನ್ನ ಮೀನು ತಿನ್ನುತ್ತಿರಲಿಲ್ಲ, ಹೊಗೆ ಸೇದುತ್ತಿರಲಿಲ್ಲ, ತೊರೆಯಲ್ಲಿ ಮಿಂದು ಮೈಗೆ ಸೊಪ್ಪು ಉಜ್ಜಿಕೊಳ್ಳುತ್ತಿದ್ದ. ಬೆರಳುಗಳನ್ನು ತುಟಿಗೊತ್ತಿ ಮುತ್ತಿಟ್ಟಂತೆ ಸದ್ದು ಮಾಡಿದರೆ, ಸಂಕಟಕ್ಕೆ ಸಿಕ್ಕ ಮೊಲ ಕೂಗಿದಂತೆಯೇ ಇರುತ್ತಿತ್ತು. ಒಮ್ಮೆ ಪೋಪ್ ಎದುರಿಗೆ ಹನ್ನೆರಡು ಕಡೆ ಹೀಗೆ ಕೂಗಿ ಐದು ಮೊಲಗಳನ್ನೂ ಒಂದು ಕಾಡುಬೆಕ್ಕನ್ನೂ ಬರಿಸಿದ್ದ.

1916ರ ಮಾರ್ಚಿನಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಅವನ ಬಿಲ್ಲನ್ನೂ ಐದು ಬಾಣಗಳನ್ನೂ ಜೊತೆಗಿಟ್ಟೇ ದಹನ ಮಾಡಿದರು.

ಆಮೇಲೆ ನಡೆದದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಗುರುವನ್ನು ಅಷ್ಟು ಪ್ರೀತಿಸಿದ ಪೋಪ್ ಕೂಡ ಅವನ ಗಿಡ್ಡ ಬಿಲ್ಲನ್ನು ಬಿಟ್ಟು, ಬಲು ಬಿಗಿಯಾದ ಇಂಗ್ಲಿಷ್ ಮಾದರಿಯ ಯೂ ಮರದ ಉದ್ದ ಬಿಲ್ಲು ಹಿಡಿದರು. 1920ರಲ್ಲಿ ಗೆಳೆಯ ಆರ್ಥರ್ ಯಂಗ್ ಜೊತೆ ಯೆಲ್ಲೋಸ್ಟೋನ್‌ನಲ್ಲಿ ಗ್ರಿಜ್ಲಿ ಕರಡಿಗಳನ್ನು ಹೊಡೆದರು, 1925ರಲ್ಲಿ ಸಿಂಹಕ್ಕೆಂದು ಆಫ್ರಿಕಾಕ್ಕೆ ಹೋದರು. ಪ್ರಾಣಿ ದೊಡ್ಡದಾದಂತೆ ಬಿಲ್ಲು ಬಿಗಿಯಾಗುತ್ತ ಹೋಯಿತು. 1960ರ ದಶಕದಲ್ಲಿ ಹೋಲೆಸ್ ಆಲೆನ್ ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲು ತಂದ ಮೇಲೆ, ಬಿಗಿ ಬಿಲ್ಲನ್ನು ಎಳೆದು ಹಿಡಿದು ನಿಲ್ಲುವ ಕಷ್ಟವೂ ತಗ್ಗಿತು. ಹತ್ತಿರ ಹೋಗಲು ಬೇಕಿದ್ದ ಸಹನೆಯ ಜಾಗಕ್ಕೆ ಯಂತ್ರ ಬಂತು. ಇದು ನನ್ನ ದೂರು, ಪೋಪ್ ಅವರ ಮೇಲಿನ ಗೌರವಕ್ಕೇನೂ ಕುಂದಿಲ್ಲ. ಅವರು ಬರೆದಿಡದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ಇಂದಿಗೂ ಕೆಲವರು ನರದ ನಾರು ಹಚ್ಚಿ ಬಿಲ್ಲು ಕಟ್ಟುತ್ತಾರೆ, ಅಬ್ಸಿಡಿಯನ್ ಒಡೆದು ಮೊನೆ ಮಾಡುತ್ತಾರೆ. ಅವರ ಕೈಗಳಿಗೆ ನಾನು ಋಣಿ. ಆದರೆ ಯಾವ ಗಾಳಿ ಬೀಸಿದಾಗ ಯಾವ ಬಂಡೆಯ ಮರೆಗೆ ಕೂರಬೇಕು, ಜಿಂಕೆ ಎಷ್ಟು ಹತ್ತಿರ ಬರುವವರೆಗೆ ಉಸಿರು ಬಿಗಿಹಿಡಿಯಬೇಕು ಎಂಬುದನ್ನು ಡೀರ್ ಕ್ರೀಕ್‌ನ ಒಬ್ಬೊಬ್ಬ ತಂದೆ ತನ್ನ ಮಗನಿಗೆ ಯಾಹಿ ಮಾತಿನಲ್ಲಿ ಹೇಳಿಕೊಟ್ಟಿದ್ದ. ಅದನ್ನು ಮುಂದಿನವರಿಗೆ ದಾಟಿಸಲು ಇಶಿಗೆ ಮಗನಿರಲಿಲ್ಲ, ಆ ಮಾತನ್ನು ಮನೆಮಾತಾಗಿ ಆಡುವವರು ಅವನ ನಂತರ ಯಾರೂ ಉಳಿಯಲಿಲ್ಲ.