ಹಸಿರಿನ ಕೆಳಗಿನ ಮರಳು

ದಿಲ್ಲಿಗೆ ಬಂದ ಬಂಧುಗಳಿಗೆ ಕುತುಬ್ ಮಿನಾರನ್ನು ತೋರಿಸದೆ ಊರಿಗೆ ಕಳುಹಿಸುವ ಪದ್ಧತಿ ನಮ್ಮವರಲ್ಲಿ ಇಲ್ಲ. ೭೨.೫ ಮೀಟರು ಎತ್ತರದ ಆ ಗೋಪುರವನ್ನು ಕತ್ತೆತ್ತಿ ನೋಡಿ ದಣಿದವರು, ಹತ್ತಿರದ ಲಾಡೋ ಸರಾಯಿಯ ಗಾಲ್ಫ್ ಮೈದಾನದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಈ ಮೈದಾನದಲ್ಲಿ ಸಾಮಾನ್ಯರೂ ಹಣ ತೆತ್ತು ಆಡಬಹುದು. ಚೆಂಡು ಬೀಳುವ ಕುಳಿಯ ಸುತ್ತ ರತ್ನಗಂಬಳಿಯಂತೆ ಕತ್ತರಿಸಿದ ಹುಲ್ಲಿನ ಹಾಸಿಗೆ 'ಗ್ರೀನ್' ಎಂದು ಹೆಸರು.

ಒಂದು ಜೋರು ಮಳೆಗೆ ಓಣಿಗಳೆಲ್ಲ ಕೆರೆಯಾಗುವ ಇಂಥ ಊರಿನಲ್ಲಿ ಗ್ರೀನ್ ಕೆಸರಾಗದಂತೆ ಕಟ್ಟುವುದು ಹೇಗೆ? ಈ ಪ್ರಶ್ನೆಯನ್ನು ಮಣ್ಣು ಪರೀಕ್ಷೆಯ ಪ್ರಯೋಗಶಾಲೆಯಲ್ಲಿರುವ ಧಾರವಾಡದ ಮಿತ್ರರೊಬ್ಬರಿಗೆ ಕೇಳಿದೆ. ಅವರು ಒಂದು ಶನಿವಾರ ನನ್ನನ್ನು ಅಲ್ಲಿಗೇ ಕರೆದೊಯ್ದರು.

ಮೇಜಿನ ಮೇಲೆ ಎರಡು ತಟ್ಟೆ ಮರಳು. ಒಂದು ಯಮುನೆಯದು, ನಯವಾಗಿ, ಅಭ್ರಕದಿಂದ ಮಿನುಗುತ್ತಿತ್ತು. ಇನ್ನೊಂದು ಒರಟು.

"ಕಣ್ಣು ನಂಬಬ್ಯಾಡ್ರಿ ರಾಯರ, ಜರಡಿ ನಂಬ್ರಿ" ಎಂದರು ಮಿತ್ರರು.

ಒಣಗಿಸಿ ತೂಗಿದ ಮರಳನ್ನು ಒಂದರ ಕೆಳಗೊಂದು ಪೇರಿಸಿದ ಜರಡಿಗಳಲ್ಲಿ ಹಾಕಿ ಯಂತ್ರದಿಂದ ಅಲ್ಲಾಡಿಸುತ್ತಾರೆ. ಪ್ರತಿ ಜರಡಿಯಲ್ಲಿ ಉಳಿದುದನ್ನು ಮತ್ತೆ ತೂಗುತ್ತಾರೆ. ಅಮೆರಿಕದ ಗಾಲ್ಫ್ ಸಂಘವು ೧೯೬೦ರಲ್ಲಿ ಪ್ರಕಟಿಸಿ, ಮುಂದೆ ಹಲವು ಸಲ ತಿದ್ದಿದ ಕ್ರಮವೊಂದಿದೆ. ಅದರಂತೆ ನೂರಕ್ಕೆ ೬೦ ಪಾಲಾದರೂ ಕಾಲು ಮಿಲಿಮೀಟರಿನಿಂದ ೧ ಮಿಲಿಮೀಟರಿನೊಳಗಿನ ಕಣಗಳಿರಬೇಕು. ಹೂಳು ೫ಕ್ಕೂ, ಜೇಡಿ ೩ಕ್ಕೂ ಮೀರಬಾರದು. ಅವರೆಕಾಳು ತುಂಬಿದ ಸೇರಿಗೆ ರಾಗಿ ಸುರಿದರೆ ಸಂದುಗಳೆಲ್ಲ ಮುಚ್ಚಿಹೋಗುವುದಿಲ್ಲವೆ? ಸಣ್ಣ ಕಣ ಹೆಚ್ಚಾದರೆ ಮರಳಿನ ಗತಿಯೂ ಅದೇ. ನೀರಿಗೆ ದಾರಿಯಿಲ್ಲ, ಬೇರಿಗೆ ಉಸಿರಿಲ್ಲ.

ಅನಂತರ ಮರಳನ್ನು ಕೊಳವೆಯಲ್ಲಿ ಅದುಮಿ ನೀರು ಹಾಯಿಸುತ್ತಾರೆ. ಗಂಟೆಗೆ ೧೫೦ ಮಿಲಿಮೀಟರಾದರೂ ಇಳಿಯಬೇಕು. ಹಾಗೆಂದು ಎಲ್ಲ ನೀರೂ ಇಳಿದುಹೋದರೆ ಬೇಸಿಗೆಯಲ್ಲಿ ಹುಲ್ಲು ಒಣಗುತ್ತದೆ. ಅದಕ್ಕಾಗಿ ೧೦ ಸೆಂಟಿಮೀಟರು ಜಲ್ಲಿಯ ಮೇಲೆ ೩೦ ಸೆಂಟಿಮೀಟರು ಮರಳಿನ ಮಿಶ್ರಣ ಹಾಸುತ್ತಾರೆ. ಮರಳಿನ ಸಣ್ಣ ಸಂದುಗಳು ತಕ್ಕಷ್ಟು ನೀರನ್ನು ಹಿಡಿದಿಟ್ಟು, ಮಿಕ್ಕದ್ದನ್ನು ಮಾತ್ರ ಜಲ್ಲಿಗೆ ಬಿಡುತ್ತವೆ. ಎಷ್ಟು ಸಂದಿನಲ್ಲಿ ಗಾಳಿ, ಎಷ್ಟರಲ್ಲಿ ನೀರು ಎಂಬುದನ್ನೂ ಅಳೆಯುತ್ತಾರೆ.

ಆ ದಿನ ಮಿನುಗುವ ಮರಳು ಜರಡಿಯಲ್ಲಿ ಸೋತಿತು. ಗಾರೆಗೆ ಹೊಂದುವ ಸಣ್ಣ ಮರಳು ಅದು, ಗ್ರೀನಿಗೆ ಸಲ್ಲದು. ಈ ಸಂಗತಿ ಹುಲ್ಲು ಕೊಳೆತ ಮೇಲೆ ತಿಳಿದರೆ ಹಾಸಿದ್ದನ್ನೆಲ್ಲ ಅಗೆದು ತೆಗೆಯಬೇಕು. ಕಡತಗಳ ನಡುವೆ ದಿನ ಕಳೆಯುವ ನನಗೆ, ಒಂದೇ ಹಾಳೆಯ ವರದಿ ಇಷ್ಟು ನಷ್ಟವನ್ನು ತಪ್ಪಿಸುವುದು ಕಂಡು ಸಂತೋಷವಾಯಿತು.

ನಮ್ಮ ಬಾಲ್ಕನಿಯ ಕುಂಡಗಳಿಗೂ ಇದರಲ್ಲಿ ಪಾಠವಿದೆ. ಗಾಜಿನ ಸೀಸೆಯಲ್ಲಿ ಒಂದು ಹಿಡಿ ಮಣ್ಣು, ಅದರ ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಬೇಗನೆ ತಳ ಸೇರುತ್ತದೆ, ಹೂಳಿಗೆ ಕೆಲವು ಗಂಟೆ ಬೇಕು. ಜೇಡಿ ಮರುದಿನವೂ ನೀರನ್ನು ಕದಡಿಸಿಯೇ ಇರುತ್ತದೆ. ಜೇಡಿಯ ಪಾಲು ಹೆಚ್ಚೆಂದು ಕಂಡರೆ, ಊರಿನಿಂದ ಅಕ್ಕರೆಯಿಂದ ತಂದ ಕರಿಬೇವಿನ ಸಸಿಯನ್ನು ಅದರಲ್ಲಿ ನೆಡಬೇಡಿ.